ಮರಕ್ಕೂ ಒಂದು ಕಾಯಿದೆ

ಮರ ನೆಡುವುದು ಪುಣ್ಯದ ಕೆಲಸವೆಂದು ಈ ನಾಡಿನ ಹಿರಿಯರು ತಿಳಿದಿದ್ದರು. ಊರ ಹೊರಗೆ ಗುಂಡುತೋಪು, ಊರ ನಡುವೆ ಅರಳಿಕಟ್ಟೆ, ಊರಿಂದೂರಿಗೆ ಹೋಗುವ ಹಾದಿಯ ಇಕ್ಕೆಲಗಳಲ್ಲಿ ಸಾಲುಮರ, ಇವು ಕರ್ನಾಟಕದ ಹಳ್ಳಿಗಳ ಹಳೆಯ ಸಂಪತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಅಶೋಕ ಚಕ್ರವರ್ತಿಯು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯ ಬದಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ತನ್ನ ಸ್ತಂಭಶಾಸನವೊಂದರಲ್ಲಿ ಬರೆಯಿಸಿದ್ದಾನೆ. ಹಳ್ಳಿಯಲ್ಲಿ ಮರವನ್ನು ಕಾಯುತ್ತಿದ್ದುದು ಧರ್ಮಭೀತಿ ಮತ್ತು ಊರಿನ ಕಟ್ಟುಪಾಡು. ಅರಳಿಮರದ ಮೇಲೆ ಕೊಡಲಿ ಎತ್ತಿದವನನ್ನು ಊರೇ ಕೇಳುತ್ತಿದ್ದಿತು. ಆದರೆ ನಗರದ ಸ್ಥಿತಿ ಬೇರೆ. ಅಲ್ಲಿ ಒಬ್ಬರನ್ನೊಬ್ಬರು ಅರಿಯದ ಲಕ್ಷಾಂತರ ಜನ ಒಟ್ಟಿಗೆ ಬಾಳುತ್ತಾರೆ. ನೆಲಕ್ಕೆ ಚದರಡಿಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಒಬ್ಬನ ಹಿತ್ತಲಿನ ಮರ ಇನ್ನೊಬ್ಬನ ಕಿಟಕಿಗೆ ನೆರಳು ಕೊಡುತ್ತದೆ, ಆದರೆ ಆ ನೆರಳಿನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ. ಆದ್ದರಿಂದಲೇ ನಗರದಲ್ಲಿ ಮರವನ್ನು ಕಾಯಲು ಕಾಯಿದೆಯೊಂದು ಬೇಕಾಯಿತು.

ಬೆಂಗಳೂರು ನಗರಕ್ಕೆ ಮರಗಳು ತಾವಾಗಿಯೇ ಬಂದವಲ್ಲ. 1760ರಲ್ಲಿ ಹೈದರಾಲಿಯು ಲಾಲ್‌ಬಾಗ್ ತೋಟವನ್ನು ಆರಂಭಿಸಿದನು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಸಸ್ಯಶಾಸ್ತ್ರಜ್ಞ ಜಿ. ಎಚ್. ಕ್ರುಂಬಿಗಲ್ ಅವರು ಲಾಲ್‌ಬಾಗಿನ ಹೊಣೆ ಹೊತ್ತು, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಹೂ ಬಿಡುವಂತೆ ಬೀದಿಯ ಮರಗಳನ್ನು ಆರಿಸಿ ನೆಡಿಸಿದರು. ಅವರ ತರುವಾಯ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಮೊದಲಾದವರು ಆ ಕಾರ್ಯವನ್ನು ಮುಂದುವರಿಸಿದರು. 1982ರಿಂದಾಚೆಗೆ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ನಗರದ ಹೊಸ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ಬೆಂಗಳೂರಿನ ಬೀದಿಗಳಲ್ಲಿ ನಡೆಯುವವನಿಗೆ ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡ ಮತ್ತು ಈ ನೆಲದ ಹೊಂಗೆ, ಬೇವು, ಸಂಪಿಗೆ, ನೇರಳೆ ಎಲ್ಲವೂ ಒಂದೇ ಸಾಲಿನಲ್ಲಿ ಕಾಣಸಿಗುತ್ತವೆ. ಇವೆಲ್ಲ ಒಂದು ತಲೆಮಾರಿನವರು ನೆಟ್ಟು ಮುಂದಿನ ತಲೆಮಾರಿಗೆ ಬಿಟ್ಟುಹೋದ ಆಸ್ತಿ.

ಈ ಆಸ್ತಿ ಕರಗತೊಡಗಿದಾಗ ರಾಜ್ಯವು ಎಚ್ಚೆತ್ತಿತು. 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ರೂಪುಗೊಂಡಿತು. ಅದಕ್ಕೆ ಮೊದಲು, ಶ್ರೀಗಂಧದಂತಹ ಕೆಲವನ್ನು ಬಿಟ್ಟರೆ, ಸ್ವಂತ ನಿವೇಶನದಲ್ಲಿ ಬೆಳೆದ ಮರವು ಬಹುಮಟ್ಟಿಗೆ ಒಡೆಯನ ಇಷ್ಟಕ್ಕೆ ಬಿಟ್ಟ ವಸ್ತುವಾಗಿದ್ದಿತು. ಕಾಯಿದೆಯು ಈ ತಿಳಿವಳಿಕೆಯನ್ನೇ ಬದಲಾಯಿಸಿತು. ನೆಲ ಒಡೆಯನದೇ ಆಗಿರಬಹುದು, ಮರವೂ ಅವನದೇ ಆಗಿರಬಹುದು. ಆದರೂ ಅದನ್ನು ಕಡಿಯುವ ಮುನ್ನ ಅವನು ಸಮಾಜದ ಅಪ್ಪಣೆ ಪಡೆಯಬೇಕು. ಏಕೆಂದರೆ ಮರವು ಕೊಡುವ ಗಾಳಿ, ತಂಪು, ನೆರಳುಗಳು ಬೇಲಿಯೊಳಗೆ ನಿಲ್ಲುವಂಥವಲ್ಲ.

ಕಾಯಿದೆಯ ಪ್ರಕಾರ ಈ ಕಾರ್ಯದ ಮೇಲ್ವಿಚಾರಣೆಗೆ ವೃಕ್ಷ ಪ್ರಾಧಿಕಾರವೊಂದು ಇರುತ್ತದೆ. ಅನುಮತಿ ಕೊಡುವ ಅಥವಾ ನಿರಾಕರಿಸುವ ಹೊಣೆ ವೃಕ್ಷಾಧಿಕಾರಿಯದು. ಪ್ರಾಧಿಕಾರದ ಕೆಲಸ ಮರ ಕಡಿಯುವವರನ್ನು ಹಿಡಿಯುವುದಷ್ಟೇ ಅಲ್ಲ. ತನ್ನ ವ್ಯಾಪ್ತಿಯ ಮರಗಳ ಗಣತಿ ಮಾಡಿಸುವುದು, ಯಾವ ಬಗೆಯ ನಿವೇಶನದಲ್ಲಿ ಎಷ್ಟು ಮರಗಳಿರಬೇಕೆಂದು ಗೊತ್ತುಪಡಿಸುವುದು, ಸಸ್ಯಕ್ಷೇತ್ರಗಳನ್ನು ನಡೆಸಿ ಬೇಕಾದವರಿಗೆ ಸಸಿಗಳನ್ನು ಒದಗಿಸುವುದು, ರಸ್ತೆ ಮತ್ತು ಉದ್ಯಾನಗಳಲ್ಲಿ, ಕೆರೆ ಮತ್ತು ನದಿಗಳ ದಡಗಳಲ್ಲಿ ಮರ ನೆಟ್ಟು ಬೆಳೆಸುವುದು, ಇವೆಲ್ಲವೂ ಅದರ ಕರ್ತವ್ಯಗಳೇ. ನಿವೇಶನವೊಂದರಲ್ಲಿ ಸಾಕಷ್ಟು ಮರಗಳಿಲ್ಲವೆಂದು ಕಂಡರೆ, ಒಡೆಯನ ಅಹವಾಲನ್ನು ಕೇಳಿದ ಬಳಿಕ, ಇನ್ನಷ್ಟು ನೆಡುವಂತೆ ಆಜ್ಞಾಪಿಸುವ ಅಧಿಕಾರವೂ ಕಾಯಿದೆಯಲ್ಲಿ ಉಂಟು.

'ಮರ ಕಡಿಯುವುದು' ಎಂಬ ಮಾತಿಗೆ ಕಾಯಿದೆಯು ಕೊಟ್ಟಿರುವ ಅರ್ಥ ಗಮನಾರ್ಹವಾದುದು. ಬುಡಕ್ಕೆ ಕೊಡಲಿ ಹಾಕಿ ಉರುಳಿಸಿದರೆ ಮಾತ್ರ ಅದು ಕಡಿದಂತೆ ಎಂದು ಸಾಮಾನ್ಯರು ಭಾವಿಸಬಹುದು. ಕಾಯಿದೆಯು ಹಾಗೆ ಭಾವಿಸುವುದಿಲ್ಲ. ಬೇರುಸಹಿತ ಕೀಳುವುದು, ಬುಲ್ಡೋಜರಿನಿಂದ ಕೆಡಹುವುದು, ಸುತ್ತಲೂ ತೊಗಟೆಯನ್ನು ಬಳೆಯಂತೆ ಸುಲಿಯುವುದು, ಕೊಂಬೆಗಳನ್ನು ಸವರಿ ಬೋಳುಮಾಡುವುದು, ವಿಷ ಹಾಕುವುದು, ಸುಡುವುದು, ಬೇರೆ ಯಾವ ಬಗೆಯಲ್ಲಾದರೂ ಘಾಸಿಗೊಳಿಸುವುದು, ಇವೆಲ್ಲವೂ ಅದರ ದೃಷ್ಟಿಯಲ್ಲಿ ಕಡಿಯುವುದೇ ಸರಿ. ಈ ವಿಸ್ತಾರವಾದ ಅರ್ಥಕ್ಕೆ ಕಾರಣವಿದೆ. ಎಲೆಗಳಲ್ಲಿ ತಯಾರಾದ ಆಹಾರವು ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ. ಒಂದು ಗೇಣಿನಷ್ಟು ಅಗಲಕ್ಕೆ ಸುತ್ತಲೂ ತೊಗಟೆಯನ್ನು ಸುಲಿದುಬಿಟ್ಟರೆ ಆ ದಾರಿ ಮುಚ್ಚುತ್ತದೆ. ಮರವು ಆ ದಿನ ಬೀಳುವುದಿಲ್ಲ, ಆ ತಿಂಗಳೂ ಬೀಳುವುದಿಲ್ಲ. ಆದರೆ ಬೇರುಗಳು ಹಸಿವಿನಿಂದ ಸತ್ತು ಕ್ರಮೇಣ ಇಡೀ ಮರ ಒಣಗುತ್ತದೆ. ಆಮೇಲೆ 'ಒಣಮರ' ಎಂದು ಹೇಳಿ ಅದನ್ನು ಕಡಿಯಲು ಅನುಮತಿ ಕೇಳುವುದು ಸುಲಭ. ಅಂಗಡಿಯ ಹೆಸರುಹಲಗೆ ಮರೆಯಾಗುತ್ತದೆಂದೋ ವಾಹನಕ್ಕೆ ದಾರಿಯಿಲ್ಲವೆಂದೋ ಇಂತಹ ಮೌನಹತ್ಯೆಗೆ ಕೈಹಾಕುವವರು ಉಂಟು. ಕಾಯಿದೆಯು ಅದನ್ನೂ ಅಪರಾಧವೆಂದೇ ಎಣಿಸುತ್ತದೆ.

ಹಾಗೆಂದು ಯಾವ ಮರವನ್ನೂ ಎಂದಿಗೂ ಕಡಿಯಬಾರದೆಂದು ಕಾಯಿದೆ ಹೇಳುವುದಿಲ್ಲ. ಸತ್ತ ಮರ, ರೋಗ ತಗಲಿದ ಮರ, ಗಾಳಿಗೆ ಉರುಳಿದ ಮರ, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರ, ಸಂಚಾರಕ್ಕೆ ಅಡ್ಡಿಯಾದ ಮರ, ಬೆಂಕಿ ಸಿಡಿಲುಗಳಿಂದ ತೀವ್ರವಾಗಿ ನೊಂದ ಮರ, ಇವುಗಳ ವಿಷಯದಲ್ಲಿ ಅನುಮತಿಗೆ ಅವಕಾಶವಿದೆ. ಕಡಿಯಬೇಕೆನ್ನುವವನು ಲಿಖಿತ ಅರ್ಜಿ ಸಲ್ಲಿಸಬೇಕು. ವೃಕ್ಷಾಧಿಕಾರಿಯು ಸ್ಥಳಕ್ಕೆ ಬಂದು ಮರವನ್ನು ನೋಡಬೇಕು. ಬೇಕಾದ ವಿಚಾರಣೆ ನಡೆಸಬೇಕು. ನಿರಾಕರಿಸುವುದಾದರೆ ಕಾರಣಗಳನ್ನು ಬರೆದಿಡಬೇಕು. ಅರ್ಜಿದಾರನಿಗೆ ಆ ಆಜ್ಞೆ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯ ಹಾದಿ ತೆರೆದಿರುತ್ತದೆ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾಗಿ ಬಂದಾಗ ಮೊದಲು ಪ್ರಕಟಣೆ ಹೊರಡಿಸಿ ನಾಗರಿಕರ ಆಕ್ಷೇಪಗಳನ್ನು ಕೇಳಬೇಕೆಂಬ ನಿಯಮವನ್ನು ಮುಂದೆ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಈ ಕ್ರಮಗಳೆಲ್ಲ ಬರಿಯ ಕಾಗದದ ಕೆಲಸವೆಂದು ತೋರಬಹುದು. ಆದರೆ ಇವುಗಳ ತಿರುಳು ಒಂದೇ: ಕೊಡಲಿಗೂ ಮರಕ್ಕೂ ನಡುವೆ ಒಂದಿಷ್ಟು ಯೋಚನೆಯ ಕಾಲವನ್ನು ಇಡುವುದು.

ಈ ಕಾಲಾವಕಾಶ ಏಕೆ ಬೇಕೆಂಬುದನ್ನು ತಿಳಿಯಲು ಬೀದಿಯ ಒಂದು ಮರ ಮಾಡುವ ಕೆಲಸವನ್ನು ನೋಡಿದರೆ ಸಾಕು. ಬೇಸಗೆಯಲ್ಲಿ ಟಾರು ರಸ್ತೆಯೂ ಕಾಂಕ್ರೀಟು ಗೋಡೆಯೂ ಹಗಲೆಲ್ಲ ಬಿಸಿಲನ್ನು ಹೀರಿ ಸಂಜೆ ಅದನ್ನು ಹೊರಗೆಡಹುತ್ತವೆ. ಮರವು ಆ ಬಿಸಿಲನ್ನು ಮೇಲೆಯೇ ತಡೆಯುತ್ತದೆ. ಬೇರಿನಿಂದ ಏರಿದ ನೀರನ್ನು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಬಿಡುವಾಗ ಸುತ್ತಲಿನ ಶಾಖವನ್ನು ಬಳಸಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಬೆಂಗಳೂರಿನ ಮರವಿರುವ ರಸ್ತೆಗಳನ್ನೂ ಮರವಿಲ್ಲದ ರಸ್ತೆಗಳನ್ನೂ ಅಳೆದು ಹೋಲಿಸಿದರು. ಮರವಿರುವ ರಸ್ತೆಗಳಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ರಸ್ತೆಯ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಮೆಯಿರುವುದು ಕಂಡುಬಂದಿತು. ಹಣವಂತನಿಗೆ ತಂಪುಯಂತ್ರವುಂಟು. ಬೀದಿಬದಿಯಲ್ಲಿ ಹೂ ಮಾರುವವಳಿಗೆ, ಚಪ್ಪಲಿ ಹೊಲಿಯುವವನಿಗೆ, ಬಸ್ಸಿಗಾಗಿ ಕಾಯುವ ಮಕ್ಕಳಿಗೆ ಇರುವುದು ಆ ಮರವೊಂದೇ. ಅದು ಉರುಳಿದ ದಿನ ಅವರ ಅಂಗಡಿಯ ಮಾಡೇ ಹಾರಿಹೋದಂತೆ.

ಮರ ಕಡಿದ ಮೇಲೆ ಬದಲಿಗೆ ಮರ ನೆಟ್ಟರಾಯಿತಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕಾಯಿದೆಯೂ ಬದಲಿ ನೆಡುವಿಕೆಯನ್ನು ವಿಧಿಸುತ್ತದೆ. ಅನುಮತಿ ಪಡೆದು ಮರ ತೆಗೆದವನು, ಅಧಿಕಾರಿ ಸೂಚಿಸಿದ ಜಾತಿಯ, ಸೂಚಿಸಿದಷ್ಟು ಸಸಿಗಳನ್ನು ಅದೇ ಸ್ಥಳದಲ್ಲಿ ಅಥವಾ ತಕ್ಕ ಬೇರೆ ಸ್ಥಳದಲ್ಲಿ ಗೊತ್ತಾದ ಅವಧಿಯೊಳಗೆ ನೆಡಬೇಕು. ಗಾಳಿ, ಮಳೆ, ಸಿಡಿಲಿಗೆ ಬಿದ್ದ ಮರಕ್ಕೂ ಬದಲಿ ನೆಡುವಂತೆ ಆಜ್ಞಾಪಿಸಬಹುದು. ಬೇರೆ ರಾಜ್ಯಗಳು ಇದೇ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿವೆ. ದೆಹಲಿಯಲ್ಲಿ ಒಂದು ಮರಕ್ಕೆ ಹತ್ತು ಸಸಿಗಳನ್ನು ನೆಡಬೇಕೆಂಬ ಕ್ರಮವಿದೆ. ನೆರೆಯ ಮಹಾರಾಷ್ಟ್ರವು 2021ರಲ್ಲಿ ತನ್ನ ಕಾಯಿದೆಯನ್ನು ತಿದ್ದಿ, ಕಡಿಯುವ ಮರಕ್ಕೆ ಎಷ್ಟು ವಯಸ್ಸಾಗಿದೆಯೋ ಅಷ್ಟು ಸಂಖ್ಯೆಯ ಸಸಿಗಳನ್ನು ನೆಡಬೇಕೆಂದು ವಿಧಿಸಿತು. 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗೌರವಿಸಿತು. ಮರದ ಬೆಲೆಯನ್ನು ಮರದ ಲೆಕ್ಕದಲ್ಲಲ್ಲದೆ ಕಾಲದ ಲೆಕ್ಕದಲ್ಲಿ ಅಳೆಯುವ ಪ್ರಯತ್ನವಿದು.

ಆದರೂ ಈ ಲೆಕ್ಕದಲ್ಲಿ ಒಂದು ಕೊರತೆ ಉಳಿದೇ ಉಳಿಯುತ್ತದೆ. ಹತ್ತು ಸಸಿಗಳ ನೆರಳನ್ನು ಕೂಡಿಸಿದರೆ ಒಂದು ಹಳೆಯ ಮಳೆಮರದ ನೆರಳಾಗುವುದಿಲ್ಲ. ಹದ್ದು ಗೂಡು ಕಟ್ಟಲು, ಬಾವಲಿಗಳು ಜೋತುಬೀಳಲು, ಗಿಳಿಗಳು ಪೊಟರೆಯಲ್ಲಿ ಮರಿಮಾಡಲು ಮುದಿಮರವೇ ಬೇಕು. ನಗರದ ನಡುವಣ ಮರಕ್ಕೆ ಬದಲಾಗಿ ಹತ್ತಾರು ಕಿಲೋಮೀಟರ್ ದೂರದ ಬಯಲಿನಲ್ಲಿ ನೆಟ್ಟರೆ ಆ ನಗರದ ಬೀದಿ ತಂಪಾಗುವುದೂ ಇಲ್ಲ. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಮಥುರಾ ಪ್ರದೇಶದಲ್ಲಿ ಅನುಮತಿಯಿಲ್ಲದೆ 454 ಮರಗಳನ್ನು ಕಡಿದ ಪ್ರಕರಣವನ್ನು ವಿಚಾರಿಸಿ, ಮರವೊಂದಕ್ಕೆ ಒಂದು ಲಕ್ಷ ರೂಪಾಯಿಗಳ ದಂಡವನ್ನು ಎತ್ತಿಹಿಡಿಯಿತು. ಕಳೆದುಹೋದ ಹಸಿರು ಮತ್ತೆ ಮೂಡಲು ಕಡೆಯ ಪಕ್ಷ ನೂರು ವರ್ಷ ಬೇಕೆಂಬುದನ್ನೂ ಎತ್ತಿ ಹೇಳಿತು. ದಂಡವನ್ನು ಒಂದೇ ದಿನದಲ್ಲಿ ಕಟ್ಟಬಹುದು. ನೂರು ವರ್ಷವನ್ನು ಯಾರೂ ಕಟ್ಟಿಕೊಡಲಾರರು.

ಬದಲಿ ನೆಡುವಿಕೆ ಸಾರ್ಥಕವಾಗಬೇಕಾದರೆ ನೆಡುವುದಕ್ಕಿಂತ ಬದುಕಿಸುವುದು ಮುಖ್ಯ. ಗುಂಡಿ ಆಳವಾಗಿರಬೇಕು, ಸಸಿಯು ದನದ ಬಾಯಿಗೆ ಎಟುಕದಷ್ಟು ಎತ್ತರವಿದ್ದು ಸುತ್ತ ಕಾವಲಿರಬೇಕು, ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರು ತಪ್ಪಬಾರದು. ಕಿರಿದಾದ ರಸ್ತೆಯಲ್ಲಿ ಆಲವನ್ನು ನೆಡುವುದು ಅವಿವೇಕ. ಅಲ್ಲಿಗೆ ಕಕ್ಕೆ, ಹೊಳೆದಾಸವಾಳಗಳಂತಹ ಮಿತಗಾತ್ರದ ಮರಗಳು ತಕ್ಕವು. ಬೆಳೆದ ಮರವನ್ನು ಬುಡದ ಮಣ್ಣುಸಹಿತ ಎತ್ತಿ ಬೇರೆಡೆ ನಾಟುವ ವಿಧಾನವೂ ಈಗ ಬಳಕೆಯಲ್ಲಿದೆ. ಆಲ, ಅರಳಿ, ಅತ್ತಿಯ ಜಾತಿಗಳು ಹೊಸ ಬೇರನ್ನು ಬೇಗ ಬಿಡುವುದರಿಂದ ಈ ಪ್ರಯೋಗದಲ್ಲಿ ಹೆಚ್ಚಾಗಿ ಬದುಕುತ್ತವೆ. ದೆಹಲಿಯು 2020ರಲ್ಲಿ ರೂಪಿಸಿದ ನೀತಿಯಲ್ಲಿ, ಹೀಗೆ ಸ್ಥಳಾಂತರಿಸಿದ ಮರಗಳಲ್ಲಿ ನೂರಕ್ಕೆ ಎಂಬತ್ತಾದರೂ ಒಂದು ವರ್ಷದ ತರುವಾಯ ಜೀವಂತವಾಗಿರಬೇಕೆಂಬ ನಿಬಂಧನೆಯಿದೆ. ಎಷ್ಟು ನೆಟ್ಟರು ಎಂದು ಕೇಳದೆ ಎಷ್ಟು ಉಳಿದವು ಎಂದು ಕೇಳುವುದು ಸರಿಯಾದ ಪ್ರಶ್ನೆ.

ಮರಕ್ಕೂ ನಗರದ ಬೆಳವಣಿಗೆಗೂ ನಡುವಣ ತಿಕ್ಕಾಟದಲ್ಲಿ ತಪ್ಪೆಲ್ಲ ಒಂದೇ ಕಡೆ ಇರುವುದಿಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಅಂಚಿನ ಅಡ್ಡಾಡುವ ಹಾದಿಯಲ್ಲಿದ್ದ ಮರಗಳು ಮೆಟ್ರೊ ರೈಲಿಗಾಗಿ ಉರುಳಿದಾಗ ನಗರವು ಮರುಗಿತು. 2011ರ ಅಕ್ಟೋಬರಿನಲ್ಲಿ ಆ ಮಾರ್ಗದಲ್ಲಿ ಓಡತೊಡಗಿದ ರೈಲು ಅಪಾರ ಜನರಿಗೆ ಉಪಕಾರಿಯಾದುದೂ ನಿಜ. ಇನ್ನೊಂದು ಪ್ರಸಂಗದಲ್ಲಿ ಫಲಿತಾಂಶ ಬೇರೆಯಾಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗಾಗಿ 812 ಮರಗಳನ್ನು ತೆಗೆಯಬೇಕಾಗಿದ್ದಿತು. 2016ರ ಅಕ್ಟೋಬರಿನಲ್ಲಿ ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತು ಪ್ರತಿಭಟಿಸಿದರು. 2017ರ ಮಾರ್ಚಿನಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. 1983ರಲ್ಲಿ ಶಿರಸಿಯ ಸೀಮೆಯ ಜನರು ಅಪ್ಪಿಕೊ ಚಳವಳಿಯಲ್ಲಿ ಕಾಡಿನ ಮರಗಳನ್ನು ಅಪ್ಪಿ ನಿಂತಿದ್ದರು. ನಗರದ ಜನ ಆ ಪಾಠವನ್ನು ತಮ್ಮ ಬೀದಿಯಲ್ಲಿ ಒಪ್ಪಿಸಿದಂತಾಯಿತು. ಈ ಎರಡು ಪ್ರಸಂಗಗಳಿಂದ ತಿಳಿಯುವ ನೀತಿಯೆಂದರೆ, ಮರ ಉಳಿಯಬೇಕೋ ರಸ್ತೆ ಬೇಕೋ ಎಂಬ ನಿರ್ಧಾರವು ರಾತ್ರಿಯ ಗರಗಸದಿಂದ ಆಗಬಾರದು. ಹಗಲಿನಲ್ಲಿ ಎಲ್ಲರ ಮುಂದೆ ಕಾರಣಗಳನ್ನು ತೂಗಿ ಆಗಬೇಕು.

ಕಾಯಿದೆಯಿದ್ದ ಮಾತ್ರಕ್ಕೆ ಅದು ತಾನಾಗಿ ನಡೆಯುವುದಿಲ್ಲ. 1976ರಲ್ಲಿಯೇ ವಿಧಿಸಿದ್ದ ವೃಕ್ಷಗಣತಿಯು ನಾಲ್ಕು ದಶಕಗಳು ಕಳೆದರೂ ಬೆಂಗಳೂರಿನಲ್ಲಿ ಪೂರ್ಣಗೊಂಡಿರಲಿಲ್ಲ. 2018ರಲ್ಲಿ ಹೈಕೋರ್ಟಿಗೆ ಬಂದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ವಿಚಾರಣೆಯಲ್ಲಿ ಗಣತಿಯ ಮಾತೂ, ಮರಗಳನ್ನು ಪರಿಶೀಲಿಸಲು ತಜ್ಞರ ಸಮಿತಿಯ ಮಾತೂ ಮುಂದೆ ಬಂದವು. ತನ್ನ ಗಂಟಿನಲ್ಲಿ ಎಷ್ಟು ಹಣವಿದೆಯೆಂದು ತಿಳಿಯದವನು ಕಳವನ್ನು ಹೇಗೆ ಕಂಡುಹಿಡಿದಾನು?

ಮರಕ್ಕೆ ಅಪಾಯವು ಯಾವಾಗಲೂ ದುರುದ್ದೇಶದಿಂದ ಬರುವುದೂ ಇಲ್ಲ. ಕೊಳವೆ ಹೂಳಲು ತೋಡುವ ಕಾಲುವೆ ಮರದ ಆಧಾರದ ಬೇರನ್ನು ಕತ್ತರಿಸುತ್ತದೆ. ವಿದ್ಯುತ್ ತಂತಿಯ ಕಡೆಯ ಕೊಂಬೆಗಳನ್ನಷ್ಟೇ ಸವರಿದರೆ ಮರದ ತೂಕ ಒಂದೇ ಪಕ್ಕಕ್ಕೆ ವಾಲುತ್ತದೆ. ಪಾದಚಾರಿ ಮಾರ್ಗದ ಸಿಮೆಂಟು ಬುಡವನ್ನು ಬಿಗಿದರೆ ನೀರೂ ಗಾಳಿಯೂ ಬೇರಿಗೆ ಇಳಿಯುವುದಿಲ್ಲ. ಏಪ್ರಿಲ್ ಮೇ ತಿಂಗಳ ಬಿರುಮಳೆಯಲ್ಲಿ ಅಂತಹ ಮರ ವಾಹನಗಳ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೆ ಉರುಳುತ್ತದೆ. ಆಗ ಜನರು ಮರವನ್ನೇ ದೂರುತ್ತಾರೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞೆ ಮಾಡಿದುದು ಈ ಕಾರಣದಿಂದಲೇ. ನಿಜವಾಗಿಯೂ ಅಪಾಯಕಾರಿಯಾದ ಮರವನ್ನು ಸಕಾಲದಲ್ಲಿ ತೆಗೆಯುವುದು ತಪ್ಪಲ್ಲ. ಅದನ್ನು ಅಪಾಯಕಾರಿಯಾಗುವಂತೆ ಮಾಡುವುದು ತಪ್ಪು.

ಕಾಯಿದೆಯು ಕೊಡಲಿ ಹಿಡಿದ ಕೈಯನ್ನು ತಡೆಯಬಲ್ಲುದು. ನೀರೆರೆಯುವ ಕೈಯನ್ನು ಸೃಷ್ಟಿಸಲಾರದು. ಅದು ನಾಗರಿಕರಿಂದಲೇ ಬರಬೇಕು. ತನ್ನ ಬೀದಿಯಲ್ಲಿ ಎಷ್ಟು ಮರಗಳಿವೆ, ಅವುಗಳ ಹೆಸರೇನು, ಯಾವುದರ ಬುಡ ಸಿಮೆಂಟಿನಲ್ಲಿ ಉಸಿರುಗಟ್ಟಿದೆ, ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳಲ್ಲಿ ಯಾವುದು ಉಳಿದಿದೆ ಎಂದು ಬಲ್ಲವನು ಆ ಬೀದಿಯ ನಿಜವಾದ ನಿವಾಸಿ. ಬೀದಿಯ ಮರವನ್ನು ನೆಟ್ಟವರಲ್ಲಿ ಅನೇಕರು ಅದರ ಪೂರ್ಣ ನೆರಳನ್ನು ಕಂಡವರಲ್ಲ. ಅವರು ಮುಂದಿನವರನ್ನು ನೆನೆದು ನೆಟ್ಟರು. ಆ ಋಣವನ್ನು ತೀರಿಸುವ ದಾರಿ ಒಂದೇ: ಇರುವುದನ್ನು ಕಾಯುವುದು, ಹೋದುದರ ಜಾಗದಲ್ಲಿ ಮತ್ತೊಂದನ್ನು ನೆಟ್ಟು ಬದುಕಿಸುವುದು.

ಶಬ್ದಾರ್ಥ

ಗುಂಡುತೋಪು – ಊರಿನವರೆಲ್ಲರ ಬಳಕೆಗೆ ಬಿಟ್ಟ ಮರಗಳ ತೋಪು
ಇಕ್ಕೆಲ – ಎರಡು ಪಕ್ಕ
ಕಟ್ಟುಪಾಡು – ನಿಯಮ, ಕಟ್ಟಳೆ
ಅಹವಾಲು – ಬಿನ್ನಹ, ಹೇಳಿಕೆ
ಘಾಸಿ – ಗಾಯ, ನೋವು
ಮೇಲ್ಮನವಿ – ಮೇಲಧಿಕಾರಿಗೆ ಸಲ್ಲಿಸುವ ಮರುಪರಿಶೀಲನೆಯ ಬೇಡಿಕೆ
ಪೊಟರೆ – ಮರದ ಟೊಳ್ಳು
ನಿಬಂಧನೆ – ಷರತ್ತು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಯಾವ ವರ್ಷ ರೂಪುಗೊಂಡಿತು?
2. ಕ್ರುಂಬಿಗಲ್ ಅವರು ಬೀದಿಯ ಮರಗಳನ್ನು ಆರಿಸಿದ ಕ್ರಮವೇನು?
3. ಸ್ಥಳಾಂತರದಲ್ಲಿ ಯಾವ ಜಾತಿಯ ಮರಗಳು ಹೆಚ್ಚಾಗಿ ಬದುಕುತ್ತವೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. 'ಮರ ಕಡಿಯುವುದು' ಎಂಬುದಕ್ಕೆ ಕಾಯಿದೆಯು ವಿಸ್ತಾರವಾದ ಅರ್ಥ ಕೊಟ್ಟಿರುವುದೇಕೆ?
2. ಹತ್ತು ಸಸಿಗಳು ಒಂದು ಹಳೆಯ ಮರಕ್ಕೆ ಸಮನಾಗಲಾರವು ಏಕೆ?
3. ಬೀದಿಯ ಮರ ಬಿರುಮಳೆಗೆ ಉರುಳಲು ಮನುಷ್ಯನು ಹೇಗೆ ಕಾರಣನಾಗುತ್ತಾನೆ?

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ನೂರು ವರ್ಷವನ್ನು ಯಾರೂ ಕಟ್ಟಿಕೊಡಲಾರರು."
2. "ಹಗಲಿನಲ್ಲಿ ಎಲ್ಲರ ಮುಂದೆ ಕಾರಣಗಳನ್ನು ತೂಗಿ ಆಗಬೇಕು."

ಈ) ಬಿಡಿಸಿ ಸಂಧಿಯ ಹೆಸರು ತಿಳಿಸಿರಿ: ವೃಕ್ಷಾಧಿಕಾರಿ, ಕಾಲಾವಕಾಶ, ಊರಿಂದೂರಿಗೆ.

ಉ) ಶಾಲೆಯ ಸುತ್ತಲಿನ ಒಂದು ಬೀದಿಯ ಮರಗಳನ್ನು ಎಣಿಸಿ, ಅವುಗಳ ಹೆಸರು ಮತ್ತು ಸ್ಥಿತಿಯನ್ನು ಪಟ್ಟಿಮಾಡಿರಿ.